ಲಾಭ, ಎರಡು, ಮೂರು

ಕಣದಲ್ಲಿ ರಾಗಿ ರಾಶಿ ಅಳೆಯುವಾಗ ನಮ್ಮ ಮುತ್ತಾತ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇಪ್ಪತ್ತಾದ ಕೂಡಲೇ ಪಕ್ಕದಲ್ಲಿ ಗುರುತಿಗೆ ಒಂದು ಹಿಡಿ ರಾಗಿ ಗುಪ್ಪೆ ಹಾಕಿ ಮತ್ತೆ ‘ಲಾಭ’ದಿಂದ ಎಣಿಕೆ. ಅಳತೆ ಮುಗಿಯುವ ತನಕ ಕಣದಲ್ಲಿ ಯಾರೂ ಮಾತಾಡಬಾರದು, ಚಪ್ಪಲಿ ಮೆಟ್ಟಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎಣಿಕೆ ಹೀಗೇ ಶುರುವಾಗುತ್ತಿತ್ತು. ಮುತ್ತಾತನ ಕಣದಲ್ಲಿ ಮಾತ್ರ ಆ ‘ಲಾಭ’ದ ಕೊಳಗ ಮನೆಯ ರಾಶಿಗೆ ಸೇರುತ್ತಿರಲಿಲ್ಲ. ಖಂಡುಗಕ್ಕೊಂದು ಕೊಳಗ ಬೇರೆ ಗೋಣಿಗೆ ಬೀಳುತ್ತಿತ್ತು. ಇಪ್ಪತ್ತರಲ್ಲಿ ಒಂದು ದೇವರದು. ಒಳ್ಳೆ ವರ್ಷವಾದರೂ ಅಷ್ಟೇ, ಕೆಟ್ಟ ವರ್ಷವಾದರೂ ಅಷ್ಟೇ.

ಅವರ ಊರು ಚಿಂತಾಮಣಿ ತಾಲ್ಲೂಕಿನದು, ಕೈವಾರದ ಬೆಟ್ಟ ಕಾಣುವಷ್ಟು ದೂರ. ಆಗ ಅದು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಹೆಚ್ಚಿನದು ಆಗಸ್ಟಿನಿಂದ ಅಕ್ಟೋಬರಿನೊಳಗೆ ಬಿದ್ದು ಮುಗಿಯುತ್ತದೆ. ಐದು ಎಕರೆ ಕೆಂಪು ಹೊಲ, ಬಾವಿ ಕೆಳಗೆ ಒಂದೆಕರೆ ತೋಟ, ಕೆರೆ ಕೆಳಗೆ ಒಂದಿಷ್ಟು ಗದ್ದೆ, ಒಂದು ಜೊತೆ ಎತ್ತು. ಮುತ್ತಾತನ ತಂದೆ 1876–78ರ ಬರ ಕಂಡವರು. ನಮ್ಮವರ ಬಾಯಲ್ಲಿ ಅದು ಇಸವಿಯಲ್ಲಿ ಬರುವುದಿಲ್ಲ, ಸಂವತ್ಸರದ ಹೆಸರಲ್ಲಿ ಬರುತ್ತದೆ: ಧಾತು, ಈಶ್ವರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆ ಬರದ ಮಾತು ಕೇಳುತ್ತ ಬೆಳೆದವರಿಗೆ ರಾಗಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ವರ್ಷ ಶುರುವಾಗುತ್ತಿದ್ದದ್ದು ಯುಗಾದಿಯ ಹೊನ್ನಾರಿನಿಂದ. ಪಂಚಾಂಗ ಕೇಳಿ, ಎತ್ತಿಗೆ ಮೈ ತೊಳೆದು, ನೇಗಿಲು ನೊಗಕ್ಕೆ ಅರಿಶಿನ ಕುಂಕುಮ ಇಟ್ಟು ನಾಲ್ಕು ಸಾಲು ಹೊಡೆದು ಬರುವುದು. ಅದು ಪೂಜೆ. ಅದೇ ಹೊತ್ತಿಗೆ ನೇಗಿಲಿನ ತಪಾಸಣೆಯೂ ಆಗಿಬಿಡುತ್ತಿತ್ತು. ಈಸು ಬಿರುಕು ಬಿಟ್ಟಿದೆಯೋ, ಗುಳ ಸವೆದಿದೆಯೋ, ಮೇಣಿ ಅಲ್ಲಾಡುತ್ತದೋ ಎಂದು ಆ ನಾಲ್ಕು ಸಾಲಿನಲ್ಲೇ ಗೊತ್ತಾಗುತ್ತದೆ. ಭರಣಿ ಮಳೆ ಬೀಳುವುದರೊಳಗೆ ಬಡಗಿ, ಕಮ್ಮಾರರ ಹತ್ತಿರ ಸರಿಮಾಡಿಸಿಕೊಳ್ಳಲು ಸಮಯವೂ ಇರುತ್ತದೆ.

ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೊಡೆಯುವ ಕೆಲಸ. ಕೆಂಪು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ, ಕೆರೆಯ ಜೇಡಿ ಗೋಡಿಗೆ ಅದು ಜಾಸ್ತಿ. ಎಕರೆಗೆ ಇಪ್ಪತ್ತು ಗಾಡಿ, ಅದೂ ಒಂದೇ ಹೊಲಕ್ಕೆ ಪ್ರತಿ ವರ್ಷ ಅಲ್ಲ, ಸರದಿಯ ಮೇಲೆ. ಹೆಚ್ಚು ಹಾಕಿದರೆ ಮಳೆಗೆ ಅಂಟಾಗಿ ಬಿಸಿಲಿಗೆ ಬಿರಿದು ಪೈರಿನ ಬೇರು ಹರಿಯುತ್ತದೆ. ಗೋಡನ್ನು ತಂದ ದಿನವೇ ಹರಡುವುದಿಲ್ಲ. ಗುಪ್ಪೆ ಹಾಕಿ ಬಿಸಿಲು ತಿನ್ನಿಸಿ, ಹೆಂಟೆ ತಾನಾಗಿ ಪುಡಿಯಾದ ಮೇಲೆ ಎರಚುವುದು. ತಿಪ್ಪೆಗೊಬ್ಬರ ಎಕರೆಗೆ ಆರೇಳು ಗಾಡಿ. ಅದು ಸಾಲದ ವರ್ಷ ಕುರಿಮಂದೆಯವರನ್ನು ಕರೆದು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ರಾಗಿ ಕೊಡುತ್ತಿದ್ದರು.

ಬಿತ್ತನೆ ಮಳೆ ನಕ್ಷತ್ರದ ಲೆಕ್ಕ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ನಾಲ್ಕು ತಿಂಗಳು ತೆಗೆದುಕೊಳ್ಳುವ ದೊಡ್ಡ ರಾಗಿಯನ್ನು ಪುನರ್ವಸು, ಪುಷ್ಯದಲ್ಲಿ, ಅಂದರೆ ಜುಲೈ ತಿಂಗಳೊಳಗೆ ಬಿತ್ತಿಬಿಡಬೇಕು. ಅದು ತಪ್ಪಿದರೆ ಆಶ್ಲೇಷ, ಮಖದಲ್ಲಿ ಬೇಗ ಬರುವ ಗಿಡ್ಡ ರಾಗಿ. ಅದೂ ತಪ್ಪಿದರೆ ಹುರುಳಿ. ‘ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎನ್ನುವುದು ಆಗ ಎಳೆ ಪೈರು ನಿಂತಿರುತ್ತದೆ, ಅದಕ್ಕೆ ಎಷ್ಟು ನೀರು ಕೊಟ್ಟರೂ ಸಾಲದು ಎನ್ನುವ ಕಾರಣಕ್ಕೆ.

ಹದ ನೋಡುವುದಕ್ಕೆ ಮುತ್ತಾತನದು ಒಂದೇ ಪರೀಕ್ಷೆ. ಒಂದು ಗೇಣು ಅಗೆದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿಯುವುದು, ಸೊಂಟದ ಎತ್ತರದಿಂದ ಬಿಡುವುದು. ಉಂಡೆ ಬಿದ್ದು ಒಡೆದರೆ ಹದ. ಚಪ್ಪಟೆಯಾದರೆ ಇನ್ನೂ ತೇವ ಹೆಚ್ಚು, ಬೀಜ ಬಿತ್ತುವ ಕೂರಿಗೆಯ ತಾಳಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಉಂಡೆಯೇ ಆಗದಿದ್ದರೆ ಹದ ಆರಿಹೋಗಿದೆ, ಬಿತ್ತಿದ ರಾಗಿ ಇರುವೆಯ ಪಾಲು.

ಕೂರಿಗೆಯಲ್ಲಿ ಬಿತ್ತುವುದು ಇಬ್ಬರು ಮೂವರು ಸೇರಿ ಮಾಡುವ ಕೆಲಸ. ದಿಂಡಿಗೆ ಸಾಲಾಗಿ ತಾಳು, ಒಂದೊಂದು ತಾಳಿನ ತುದಿಯಿಂದ ಒಂದೊಂದು ಬಿದಿರ ಕೊಳವೆ ಮೇಲೆದ್ದು ಎಲ್ಲವೂ ಒಂದು ಮರದ ಬಟ್ಟಲಿಗೆ ಸೇರುತ್ತವೆ. ಬಟ್ಟಲಿನ ತಳದಲ್ಲಿ ತಾಳಿಗೊಂದರಂತೆ ತೂತು. ಎತ್ತು ನಡೆದ ಹಾಗೆ ಬಟ್ಟಲಿಗೆ ಕಾಳು ಬಿಡುತ್ತ ಹೋಗಬೇಕು. ಎಕರೆಗೆ ನಾಲ್ಕು ಸೇರು ಬೀಜ ಸಾಕು. ನಾಲ್ಕು ಸೇರನ್ನು ಒಂದೆಕರೆಗೆ ಸಮನಾಗಿ ಹಂಚುವುದೇ ಕಷ್ಟ, ಯಾಕೆಂದರೆ ಒಂದು ಗ್ರಾಂ ತೂಕಕ್ಕೆ ಮುನ್ನೂರು ನಾನ್ನೂರು ಕಾಳು ಬರುವಷ್ಟು ಸಣ್ಣ ಧಾನ್ಯ ಇದು. ಅದಕ್ಕೇ ಬೀಜಕ್ಕೆ ಒಣ ಮರಳನ್ನೋ, ಜರಡಿ ಹಿಡಿದ ಒಣಗೊಬ್ಬರದ ಪುಡಿಯನ್ನೋ ಬೆರೆಸುವುದು. ಕಾಳು ಒಂದರಿಂದ ಒಂದೂವರೆ ಅಂಗುಲ ಆಳಕ್ಕೆ ಬೀಳಬೇಕು. ಅದಕ್ಕಿಂತ ಆಳಕ್ಕೆ ಬಿದ್ದರೆ ಮೊಳಕೆಗೆ ಮೇಲೆ ಬರುವ ತ್ರಾಣ ಇರುವುದಿಲ್ಲ.

ಕೆಡುವುದು ಎಲ್ಲಿ ಎಂದರೆ ಕೊಳವೆಯಲ್ಲಿ. ಹಸಿ ಮಣ್ಣು ಸಿಕ್ಕಿ ಒಂದು ಕೊಳವೆ ಕಟ್ಟಿದರೂ ಹೊಲದ ಉದ್ದಕ್ಕೂ ಒಂದು ಸಾಲು ಖಾಲಿ, ಅದೂ ತಿಳಿಯುವುದು ಎಂಟನೇ ದಿನ ಮೊಳಕೆ ಕಂಡಾಗ. ಹಾಗಾಗಿ ಹೊಲದ ಕೊನೆಯಲ್ಲಿ ಎತ್ತು ತಿರುಗಿಸುವಾಗಲೆಲ್ಲ ಮುತ್ತಾತ ಕೂರಿಗೆ ಎತ್ತಿ ಒಂದೊಂದು ತಾಳಿನ ಬಾಯಿಗೂ ಕಡ್ಡಿ ಆಡಿಸುತ್ತಿದ್ದರು. ಬಟ್ಟಲಿಗೆ ಕೈ ಹಾಕುವವರು ದಿನಪೂರ್ತಿ ಬದಲಾಗಬಾರದು ಎನ್ನುವುದೂ ಅವರ ಕಟ್ಟಳೆ. ಒಬ್ಬೊಬ್ಬರ ಮುಷ್ಟಿ ಒಂದೊಂದು ಥರ, ಕೈ ಬದಲಾದ ಜಾಗ ಹೊಲದಲ್ಲಿ ಪಟ್ಟೆಯಾಗಿ ಕಾಣುತ್ತದೆ. ನೀರು ಕುಡಿಯಲೂ ಇಬ್ಬರೂ ಒಟ್ಟಿಗೇ ನಿಲ್ಲುವುದು.

ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಸಡ್ಡೆ ಬರುತ್ತದೆ. ಒಂಟಿ ಬಿದಿರ ಕೊಳವೆ, ತುದಿ ಚೂಪು. ಅದರಲ್ಲಿ ಅಕ್ಕಡಿ ಸಾಲಿನ, ಅಂದರೆ ರಾಗಿಯ ನಡುವೆ ಬೆಳೆಯುವ ಬೇರೆ ಬೆಳೆಯ ಸಾಲಿನ, ಕಾಳು ಬಿಡುವವರು ನಮ್ಮ ಮುತ್ತಜ್ಜಿ. ಅವರೆ, ತೊಗರಿ, ನಡುವೆ ಅಲ್ಲೊಂದು ಇಲ್ಲೊಂದು ಹರಳು. ಬದುವಿನ ಅಂಚಿಗೆ ಹುಚ್ಚೆಳ್ಳು, ದನ ಅದಕ್ಕೆ ಬಾಯಿ ಹಾಕುವುದಿಲ್ಲವೆಂದು. ರಾಗಿ ಕೊಯ್ಲಾಗಿ ಬಯಲು ಬರಿದಾದ ಮೇಲೂ ಅವರೆ ಇಬ್ಬನಿಯಲ್ಲೇ ಹಬ್ಬಿ ಕಾಯಿ ಬಿಡುತ್ತದೆ, ತೊಗರಿಯ ಬೇರು ರಾಗಿ ಬೇರಿಗೆ ಎಟುಕದ ಆಳದ ನೀರು ಕುಡಿಯುತ್ತದೆ. ಹರಳೆಣ್ಣೆ ದೇವರ ದೀಪಕ್ಕೆ, ಹುಚ್ಚೆಳ್ಳು ಚಟ್ನಿಗೆ, ಸೊಗಡಿನ ಅವರೆ ಸಂಕ್ರಾಂತಿಗೆ. ಈಗ ಅಕ್ಕಡಿ ಬಿಟ್ಟು ಬರಿ ರಾಗಿ ಬಿತ್ತುವ ಹೊಲಗಳನ್ನು ನೋಡಿದರೆ ನನಗೆ ಅರೆಮನೆ ಕಟ್ಟಿ ಬಿಟ್ಟ ಹಾಗೆ ಕಾಣುತ್ತದೆ.

ಬಿತ್ತಿದ ಮೂರು ನಾಲ್ಕು ದಿನಕ್ಕೆ ಬಿರುಮಳೆ ಬಿದ್ದು ಬಿಸಿಲೇರಿದರೆ ಕೆಂಪು ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಮೊಳಕೆ ಒಳಗೇ ಸುರುಳಿ ಸುತ್ತಿ ಸಾಯುತ್ತದೆ. ಆಗ ಜಾಲಿ ಮುಳ್ಳಿನ ಕೊಂಬೆಗೆ ಹಗುರವಾದ ಕಲ್ಲು ಕಟ್ಟಿ ಹೊಲದ ಮೇಲೆ ಎಳೆಯಬೇಕು, ಪದರ ಒಡೆಯುವಷ್ಟೇ ಭಾರ. ಮೂರು ವಾರಕ್ಕೆ ಹಲ್ಲಿರುವ ಹಲುಬೆ ಹೊಡೆದರೆ ಪೈರು ತೆಳುವಾಗಿ ಬುಡದಲ್ಲಿ ತೆಂಡೆ ಒಡೆಯುತ್ತದೆ, ಆಮೇಲೆ ಸಾಲಿನ ನಡುವೆ ಎಳೆಯುವ ಸಾಲುಗುಂಟೆ, ಎರಡು ಸಲ ಕಳೆ.

ಸೋಮವಾರ ಇದಾವುದೂ ಇಲ್ಲ. ಸೋಮವಾರ ಬಸವನ ವಾರ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಹದ ಆರಿಹೋಗುತ್ತಿದ್ದರೂ ಮುತ್ತಾತ ಇದನ್ನು ಮುರಿಯಲಿಲ್ಲ ಎಂದು ಮನೆಯ ಹಿರಿಯರೆಲ್ಲ ಹೇಳುತ್ತಾರೆ. ವಾರದಲ್ಲಿ ಆರು ದಿನ ದುಡಿದ ಹೆಗಲ ಹುಣ್ಣಿಗೆ ಅರಿಶಿನ, ಬೇವಿನೆಣ್ಣೆ ಹಚ್ಚಿ ಮಾಯಲು ಬಿಡುವ ದಿನ ಅದೇ. ಹೆಗಲು ಊದಿದ ಎತ್ತನ್ನು ಮತ್ತೆ ಹೂಡಿದರೆ ಕೀವು ತುಂಬಿ ತಿಂಗಳುಗಟ್ಟಲೆ ಕೆಲಸಕ್ಕೆ ಬರುವುದಿಲ್ಲ. ಒಂದೇ ಜೊತೆ ಎತ್ತಿನ ಮನೆಗೆ ಅದು ಬರಗಾಲಕ್ಕೆ ಸಮ.

ತೋಟಕ್ಕೆ ಕಪಿಲೆ, ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಏರ್ಪಾಡು. ಕೋಲಾರ ಸೀಮೆಯಲ್ಲಿ ಹಳೆ ಬಾವಿಗಳ ಒಂದು ಬದಿಗೆ ಈಗಲೂ ಎರಡು ಕಲ್ಲುಕಂಬ ನಿಂತಿರುವುದು ಕಾಣುತ್ತದೆ, ಅದರ ಹಿಂದೆ ಮಣ್ಣು ಮುಚ್ಚಿಹೋದ ಇಳಿಜಾರು ದಾರಿ. ಕಂಬದ ಮೇಲೆ ದೊಡ್ಡ ಗಾಲಿ, ಕೆಳಗೆ ಬಾವಿಯ ಬಾಯಿಗೆ ಸಮನಾಗಿ ಮರದ ಉರುಳೆ. ಗಾಲಿಯ ಮೇಲೆ ದಪ್ಪ ಹಗ್ಗ, ಉರುಳೆಯ ಮೇಲೆ ಸಣ್ಣ ಹಗ್ಗ. ಎರಡೂ ಎತ್ತಿನ ನೊಗಕ್ಕೆ. ದಪ್ಪ ಹಗ್ಗ ಚರ್ಮದ ಬಾನಿಯ ಬಾಯಿಗೆ, ಸಣ್ಣದು ಬಾನಿಯ ತಳದಿಂದ ಹೊರಟ ಸೊಂಡಿಲಿಗೆ. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿ ಮೇಲೇರುತ್ತದೆ, ಸೊಂಡಿಲು ಮಡಿಚಿಕೊಂಡು ಬಾಯಿಯ ಮಟ್ಟಕ್ಕೇ ಇರುತ್ತದೆ. ಮೇಲೆ ಬಂದಾಗ ಬಾನಿ ಗಾಲಿಯ ಕಡೆಗೆ ಏರುತ್ತದೆ, ಸೊಂಡಿಲು ಉರುಳೆಯ ಮೇಲೆ ಹೊರಚಾಚುತ್ತದೆ, ನೀರು ತಾನಾಗಿ ತೊಟ್ಟಿಗೆ ಸುರಿಯುತ್ತದೆ. ಒಂದು ಎಳೆತಕ್ಕೆ ನೂರು ಲೀಟರಿಗೂ ಮಿಕ್ಕಿ.

ಗುಟ್ಟೆಲ್ಲ ಹಗ್ಗದ ಅಳತೆಯಲ್ಲಿದೆ. ಸಣ್ಣ ಹಗ್ಗ ಉದ್ದವಾದರೆ ಸೊಂಡಿಲು ಜೋತುಬಿದ್ದು ನೀರು ದಾರಿಯಲ್ಲೇ ಬಾವಿಗೆ ಮರಳುತ್ತದೆ. ಗಿಡ್ಡವಾದರೆ ಭಾರ ಸೊಂಡಿಲ ಹೊಲಿಗೆಗೆ ಬಿದ್ದು ಚರ್ಮ ಹರಿಯುತ್ತದೆ. ಹಗ್ಗ ನೆನೆದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ, ಆದ್ದರಿಂದ ಬೆಳಗಿನ ಮೊದಲ ನಾಲ್ಕು ಎಳೆತ ಹಗ್ಗ ಹೊಂದಿಸುವುದಕ್ಕೇ ಹೋಗುತ್ತಿತ್ತು. ಎತ್ತು ಇಳಿಯುವಾಗ ಕಪಿಲೆ ಹೊಡೆಯುವವರು ಹಗ್ಗದ ಮೇಲೆ ಕೂತು ತಮ್ಮ ಭಾರವನ್ನೂ ಸೇರಿಸುತ್ತಾರೆ, ಮತ್ತೆ ಎತ್ತನ್ನು ಹಿಮ್ಮೆಟ್ಟಿಸಿಕೊಂಡು ಮೇಲಕ್ಕೆ. ಹಿಮ್ಮೆಟ್ಟುವಾಗಲೇ ಅಪಾಯ. ಬೆದರಿದ ಎತ್ತು ಒಂದು ಹೆಜ್ಜೆ ಹೆಚ್ಚು ಬಂದರೆ ಬಾವಿ. ಅದಕ್ಕೆ ದಾರಿಯ ತಲೆಯಲ್ಲಿ ಅಡ್ಡಕ್ಕೆ ಒಂದು ದಿಮ್ಮಿ ಹೂತಿರುತ್ತಿದ್ದರು, ಎತ್ತಿನ ಹಿಂಗಾಲಿಗೆ ಅದು ತಾಗಿದರೆ ನಿಲ್ಲಬೇಕೆಂದು ಗೊತ್ತು.

ಬೆಳಗಿನ ಜಾವದಿಂದ ಬಿಸಿಲೇರುವ ತನಕ ಹೊಡೆದರೂ ಅರ್ಧ ಎಕರೆ ನೆನೆಸಿದರೆ ಹೆಚ್ಚು. ಎಣಿಕೆ ತಪ್ಪದಿರಲು ಪದ. ಮುತ್ತಾತ ಹೇಳುತ್ತಿದ್ದದ್ದು ಕೈವಾರದ ತಾತಯ್ಯನವರ ತತ್ವಪದಗಳನ್ನು. ಬಳೆ ಮಾರುತ್ತಿದ್ದ ನಾರಾಯಣಪ್ಪ ಯೋಗಿಯಾದವರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಎರಡು ಭಾಷೆಯೂ ಆಡುವ ನಮ್ಮ ಸೀಮೆಗೆ ಹೇಳಿಮಾಡಿಸಿದವರು. ಒಂದು ಎಳೆತಕ್ಕೆ ಒಂದು ನುಡಿ, ಇಷ್ಟು ಪದ ಮುಗಿದರೆ ಇಷ್ಟು ಪಾತಿ ತುಂಬಿತು ಎಂದು ಲೆಕ್ಕ.

ಇಲ್ಲಿ ಒಂದು ಮಾತು ಬರೆಯದೆ ಮುಂದೆ ಹೋಗಲಾರೆ. ಆ ಬಾನಿಯನ್ನು ಹದಮಾಡಿದ ಎಮ್ಮೆ ಚರ್ಮದಲ್ಲಿ ಹೊಲಿದು, ಎಣ್ಣೆ ಉಣಿಸಿ, ಹರಿದಾಗಲೆಲ್ಲ ತೇಪೆ ಹಾಕಿ ಕೊಡುತ್ತಿದ್ದವರು ಚರ್ಮದ ಕೆಲಸದ ಕೇರಿಯವರು. ಅವರು ಹೊಲಿದ ಬಾನಿಯಲ್ಲಿ ಮೇಲೆ ಬಂದ ನೀರು ತೋಟಕ್ಕೆ, ಮನೆಗೆ, ದೇವರ ಅಭಿಷೇಕಕ್ಕೆ ಆಗುತ್ತಿತ್ತು. ಅವರು ಮಾತ್ರ ಆ ಬಾವಿಗೆ ಇಳಿಯುವಂತಿರಲಿಲ್ಲ. ಮುತ್ತಾತ ಕಣದಲ್ಲಿ ಅವರ ಪಾಲನ್ನು ಒಂದು ಹಿಡಿಯೂ ಕಡಿಮೆ ಮಾಡಿದವರಲ್ಲ. ಆದರೆ ಬಾವಿಯ ಕಟ್ಟಳೆಯನ್ನು ಮುರಿದವರೂ ಅಲ್ಲ. ಅವರ ಭಕ್ತಿಯನ್ನು ಎಷ್ಟು ಗೌರವದಿಂದ ನೆನೆಯುತ್ತೇನೋ ಅಷ್ಟೇ ನೋವಿನಿಂದ ಇದನ್ನೂ ನೆನೆಯುತ್ತೇನೆ.

ತೆನೆ ಬಲಿತು ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೊಯ್ಲು. ಕೊಯ್ದ ಅರಿಯನ್ನು ಮೂರು ನಾಲ್ಕು ದಿನ ಹೊಲದಲ್ಲೇ ಒಣಗಿಸಿ, ಕಂತೆ ಕಟ್ಟಿ, ಮೆದೆ ಒಟ್ಟುತ್ತಾರೆ. ತೆನೆ ಒಳಗೆ, ಬುಡ ಹೊರಗೆ, ತಲೆಯ ಮೇಲೆ ಮಳೆನೀರು ಜಾರುವ ಹಾಗೆ ಹುಲ್ಲಿನ ಹೊದಿಕೆ. ಮೆದೆಯಲ್ಲಿ ಒಂದೆರಡು ತಿಂಗಳು ಕೂತರೆ ಒಳಗೆ ಸಣ್ಣಗೆ ಕಾವು ಬಂದು ಕಾಳು ತೆನೆಯಿಂದ ಸಲೀಸಾಗಿ ಬಿಡುತ್ತದೆ. ಅವಸರಕ್ಕೆ ಹಸಿಯಾಗಿ ಒಟ್ಟಿದರೆ ಅದೇ ಕಾವು ಬೂಷ್ಟಾಗುತ್ತದೆ. ಮೆದೆಯೊಳಗೆ ಮೊಳಕೈ ತನಕ ಕೈ ತೂರಿಸಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಸುಡುವ ಹಾಗಿದ್ದರೆ ಆವತ್ತೇ ಬಿಚ್ಚಿ ಹರಡಬೇಕು.

ಸಂಕ್ರಾಂತಿ ದಿನ ಎತ್ತಿಗೆ ಕಿಚ್ಚು ಹಾಯಿಸಿ, ದನಕರು ಕಾಯುವ ದೇವರು ಕಾಟುಮರಾಯನಿಗೆ ಪೊಂಗಲಿಟ್ಟ ಮೇಲೆ ಕಣದ ಕೆಲಸ. ಸುಮಾರು ಮೂವತ್ತು ಅಡಿ ಅಗಲದ ದುಂಡನೆಯ ಜಾಗ ಕೆತ್ತಿ, ನೀರು ಹೊಯ್ದು, ದನ ತುಳಿಸಿ, ಬಡಿದು, ಸಗಣಿ ಬಗ್ಗಡ ಎರಡು ಮೂರು ಸಲ ಸಾರಿಸುತ್ತಾರೆ. ಬಿರುಕು ಬಿಟ್ಟರೆ ಅಷ್ಟು ರಾಗಿ ನೆಲದ ಪಾಲು. ಬಿಸಿಲೇರಿ ತೆನೆ ಗರಿಗರಿಯಾದ ಮೇಲೇ ತೆನೆಯ ಮೇಲೆ ಉರುಳಿಸುವ ಕಲ್ಲಿನ ಗುಂಡು ಎತ್ತಿಗೆ ಕಟ್ಟುವುದು, ಬೇರೆ ಕಡೆ ಅದಕ್ಕೆ ರೋಣಗಲ್ಲು ಅನ್ನುತ್ತಾರೆ. ಬೆಳಗಿನ ಇಬ್ಬನಿ ಇರುವಾಗ ಎಳೆದರೆ ಕಾಳು ಬಿಡುವುದಿಲ್ಲ, ತೆನೆ ಚಪ್ಪಟೆಯಾಗುತ್ತದೆ ಅಷ್ಟೇ. ತೂರುವುದು ಗಾಳಿ ಒಂದೇ ಸಮನೆ ಬೀಸುವ ಹೊತ್ತಿಗೆ. ಆಮೇಲೆ ರಾಶಿ ಕೂಡಿ, ನೆತ್ತಿಯ ಮೇಲೆ ಸಗಣಿಯ ಬೆನಕನಿಟ್ಟು ಗರಿಕೆ ಸಿಕ್ಕಿಸಿ, ಕಾಯಿ ಒಡೆದು, ಅಳತೆ.

ಬೀಜದ ರಾಗಿ ಈ ರಾಶಿಯಿಂದ ಅಲ್ಲ. ಪೈರು ನಿಂತಿರುವಾಗಲೇ ಹೊಲದ ನಡುವಿನಿಂದ, ಒಂದೇ ಎತ್ತರದ, ರೋಗ ತಾಗದ ತೆನೆಗಳನ್ನು ಆರಿಸಿ ಒಣಗಿಸಿ, ತೆನೆಯಲ್ಲೇ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಹೊಗೆಗೆ ಹುಳ ಬರುವುದಿಲ್ಲ. ಎಷ್ಟೇ ಹಸಿವಿದ್ದರೂ ಆ ಕಟ್ಟಿಗೆ ಕೈ ಹಾಕುವಂತಿಲ್ಲ.

ಊಟದ ರಾಗಿ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ. ಊರಲ್ಲಿ ನೀರು ನಿಲ್ಲದ ಎತ್ತರದ ಜಾಗ, ಕೆಳಗೆ ಗಟ್ಟಿ ಸುದ್ದೆ ಮಣ್ಣು ಇರಬೇಕು. ಒಬ್ಬ ಮನುಷ್ಯ ಇಳಿಯುವಷ್ಟು, ಎರಡು ಅಡಿಗಿಂತ ಕಡಿಮೆ ಅಗಲದ ಬಾಯಿ, ಮೂರು ಅಡಿ ಕತ್ತು, ಅಲ್ಲಿಂದ ಹೂಜಿಯ ಹಾಗೆ ಅಗಲವಾಗುತ್ತ ಹತ್ತು ಹನ್ನೆರಡು ಅಡಿ ಆಳ. ತೋಡಿದ ಮೇಲೆ ಒಳಗೆ ಹುಲ್ಲು ಸುಟ್ಟು ಗೋಡೆ ಒಣಗಿಸಬೇಕು. ತಳಕ್ಕೂ ಸುತ್ತಲೂ ಒಣಹುಲ್ಲು ಒತ್ತಾಗಿ ಹಾಸಿ ರಾಗಿ ಸುರಿದು, ಕತ್ತಿಗೆ ಹುಲ್ಲು ತುರುಕಿ, ಚಪ್ಪಡಿ ಮುಚ್ಚಿ, ಕೆಸರು ಮೆತ್ತಿ, ಮೇಲೆ ಮಣ್ಣು ಕಟ್ಟುವುದು. ಒಳಗಿನ ಕಾಳು ಉಸಿರಾಡಿ ಇದ್ದ ಗಾಳಿ ಕೆಟ್ಟು, ಹುಳ ಬದುಕುವುದಿಲ್ಲ. ಹೀಗೆ ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಮೊಳಕೆಯ ಶಕ್ತಿ ಮಾತ್ರ ಹೋಗುತ್ತದೆ, ಬೀಜ ಅಟ್ಟಕ್ಕೆ ಹೋಗುವುದು ಅದಕ್ಕೇ. ಗೋಡೆಗೆ ತಾಗಿದ ಒಂದು ಪದರ ತೇವ ಎಳೆದು ಕಪ್ಪಾಗಿರುತ್ತದೆ, ಅದು ದನಕ್ಕೆ, ಕೋಳಿಗೆ.

ರಾಗಿ ಕಾಪಾಡುವ ಆ ಕೆಟ್ಟ ಗಾಳಿಯೇ ಮನುಷ್ಯನನ್ನು ಕೊಲ್ಲುವುದು. ಚಪ್ಪಡಿ ಸರಿಸಿ ಕೂಡಲೇ ಇಳಿದು ಸತ್ತವರ ಕಥೆ ಈ ಸೀಮೆಯಲ್ಲಿ ಬೇಕಾದಷ್ಟಿವೆ, ಒಬ್ಬರನ್ನು ಎತ್ತಲು ಹೋಗಿ ಇನ್ನೊಬ್ಬರೂ ಹೋದದ್ದಿದೆ. ಮುತ್ತಾತನ ಕ್ರಮ ಹೀಗೆ: ಬೆಳಿಗ್ಗೆ ಬಾಯಿ ತೆಗೆದರೆ ಮಧ್ಯಾಹ್ನದ ತನಕ ಯಾರೂ ಹತ್ತಿರ ಹೋಗಬಾರದು. ಹೊಂಗೆ ಸೊಪ್ಪಿನ ಕೊಂಬೆಗೆ ಹಗ್ಗ ಕಟ್ಟಿ ಇಳಿಬಿಟ್ಟು ಗಾಳಿ ಕಲಕಬೇಕು. ಆಮೇಲೆ ಲಾಟೀನು ಇಳಿಸಬೇಕು. ದೀಪ ತಳದ ತನಕ ಉರಿದರೆ ಇಳಿಯಬಹುದು, ಕುಗ್ಗಿದರೂ ಇಳಿಯಬಾರದು. ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು, ಮಾತು ನಿಲ್ಲಿಸದೆ ಆಡುತ್ತಲೇ ಇರಬೇಕು. ಅಳತೆಯ ಕಣದಲ್ಲಿ ಬಾಯಿ ಕಟ್ಟಿಸುತ್ತಿದ್ದವರು ಹಗೇವಿನ ಬಾಯಲ್ಲಿ ಮೌನ ಬಿಡುತ್ತಿರಲಿಲ್ಲ.

ಏಕಾದಶಿ ಉಪವಾಸ, ದ್ವಾದಶಿ ಬೆಳಿಗ್ಗೆ ಅಗಸೆ ಸೊಪ್ಪಿನ ಪಲ್ಯದ ಜೊತೆ ಪಾರಣೆ, ರಾತ್ರಿ ಭಜನೆ, ಗುರುಪೂರ್ಣಿಮೆಗೆ ಕೈವಾರಕ್ಕೆ ನಡೆದು ಹೋಗುವುದು, ಶಿವರಾತ್ರಿಗೆ ನಂದಿ ಜಾತ್ರೆ. ಇವೆಲ್ಲ ಇದ್ದವು, ಊರಲ್ಲಿ ಬಹಳ ಮಂದಿಗೆ ಇದ್ದವು. ನನ್ನ ಮಟ್ಟಿಗೆ ಅವರ ಪೂಜೆ ಎದ್ದು ಕಾಣುವುದು ಆ ‘ಲಾಭ’ದ ಗೋಣಿಯಲ್ಲಿ. ಅದರಲ್ಲಿ ಒಂದಿಷ್ಟು ಗುಡಿಗೆ. ಮಿಕ್ಕದ್ದು ಬೇಸಿಗೆಯ ಅರವಟ್ಟಿಗೆಯ ಅಂಬಲಿಗೆ, ಬಿತ್ತನೆ ಕಾಲಕ್ಕೆ ಬೀಜ ಕಳೆದುಕೊಂಡವರಿಗೆ, ಕೈಲಾಗದ ಮುದುಕರಿಗೆ. ಸಾಲವಾಗಿ ಕೊಟ್ಟದ್ದಕ್ಕೆ ಬಡ್ಡಿ ಇಲ್ಲ, ಲೆಕ್ಕವೂ ಇಲ್ಲ. ವಾಪಸು ಬಂದರೆ ಮತ್ತೆ ಅದೇ ಗೋಣಿಗೆ.

ಬಡಗಿ, ಕಮ್ಮಾರ, ಅಗಸ, ನೀರುಗಂಟಿ, ತೋಟಿ, ತಳವಾರ, ಬಾನಿ ಹೊಲಿಯುವವರು, ಊರ ಕೆಲಸದ ಎಲ್ಲ ಆಯಗಾರರಿಗೂ ಕಣದಲ್ಲೇ ಆಯ, ಅಂದರೆ ದುಡಿಮೆಗೆ ಸಲ್ಲುವ ಪಾಲು. ಮನೆಗೆ ಬಂದು ಕೇಳುವ ಹಾಗಾಗಬಾರದು ಎಂದು ರಾಶಿ ಮನೆಗೆ ಹೋಗುವ ಮೊದಲೇ ಕೊಡುತ್ತಿದ್ದರು. ಕೊಳಗ ಒಂದೇ, ಅಳತೆ ಎರಡು ಥರ. ಹಗೇವಿಗೆ ಹೋಗುವ ರಾಗಿ ಅಳೆಯುವಾಗ ಕೊಳಗದ ಬಾಯಿಯ ಮೇಲೆ ಕೋಲು ಎಳೆದು ಮಟ್ಟ ಮಾಡುತ್ತಿದ್ದರು. ಆಯಕ್ಕೂ ‘ಲಾಭ’ಕ್ಕೂ ಕೋಲು ಮುಟ್ಟುತ್ತಿರಲಿಲ್ಲ. ಕಾಳು ತಾನಾಗಿ ಜಾರಿ ಬೀಳುವ ತನಕ ಎರಡೂ ಕೈಯಲ್ಲಿ ಗೋಪುರ ಏರಿಸಿ, ಹಾಗೇ ಎತ್ತಿ ಗೋಣಿಗೆ ಸುರಿಯುತ್ತಿದ್ದರು.